ಬಾಡಿಗೆ ಐವತ್ತು, ಉಳಿಯೋದು ಎಷ್ಟು?

ಬೆಂಗಳೂರಿನ ಬೀದಿಗಳಲ್ಲಿ ಬೈಕ್ ಟ್ಯಾಕ್ಸಿ ಓಡಾಡಿದ್ದನ್ನು ನಾವು ನೋಡಿದ್ದೇವೆ. ಮೊಬೈಲಿನಲ್ಲಿ ಒತ್ತಿದರೆ ಸಾಕು, ಬೈಕು ಮನೆ ಬಾಗಿಲಿಗೆ ಬರುತ್ತದೆ. ಮೊಬೈಲಿನಲ್ಲಿರುವ ಈ ಏರ್ಪಾಟಿಗೆ 'ಆ್ಯಪ್' ಅಂತಾರೆ. ರ‍್ಯಾಪಿಡೊ ಎಂಬ ಕಂಪನಿ 2015ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಓಲಾ, ಊಬರ್ ಕಂಪನಿಗಳೂ ಈ ವ್ಯಾಪಾರಕ್ಕೆ ಇಳಿದವು.

"ಅಮ್ಮಾ, ಸಾಲ ಮಾಡಿ ಒಂದು ಬೈಕ್ ಕೊಡಿಸು. ಬಾಡಿಗೆಗೆ ಓಡಿಸಿ ದಿನಾ ದುಡ್ಡು ತರ್ತೀನಿ" ಅಂತ ಮಗ ಕೇಳಿದರೆ ಏನು ಹೇಳೋಣ? ಹೂಂ ಅನ್ನೋದೂ ಬೇಡ, ಊಹೂಂ ಅನ್ನೋದೂ ಬೇಡ. ಮೊದಲು ಲೆಕ್ಕ ಹಾಕೋಣ.

ಗಿರಾಕಿಯನ್ನು 5 ಕಿಲೋಮೀಟರ್ ಬಿಟ್ಟು ಬಂದರೆ 50 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಕಂಪನಿಯ ಪಾಲು 10 ರೂಪಾಯಿ ಎನ್ನೋಣ. ಉಳಿದದ್ದು 40. ಗಿರಾಕಿ ಇದ್ದಲ್ಲಿಗೆ ಹೋಗಲು, ಮುಂದಿನ ಗಿರಾಕಿಯನ್ನು ಹುಡುಕಲು ಇನ್ನೂ 3 ಕಿಲೋಮೀಟರ್ ಖಾಲಿ ಓಡಬೇಕು. ಒಟ್ಟು 8 ಕಿಲೋಮೀಟರ್. ಲೀಟರಿಗೆ 40 ಕಿಲೋಮೀಟರ್ ಓಡುವ ಬೈಕು, ಲೀಟರಿಗೆ 100 ರೂಪಾಯಿ ಪೆಟ್ರೋಲು. ಹಾಗಾದರೆ ಪೆಟ್ರೋಲಿಗೇ 20 ರೂಪಾಯಿ ಹೋಯಿತು. ಕೈಯಲ್ಲಿ ಉಳಿದದ್ದು 20. ಆಯಿಲ್, ಟೈರು, ರಿಪೇರಿ, ವಿಮೆ, ಸಾಲದ ಕಂತು, ಎಲ್ಲಾ ಇದರಲ್ಲೇ ಆಗಬೇಕು.

ಹಾಗಾದರೆ ಲಾಭವೆಲ್ಲಾ ಕಂಪನಿಗಾ? ಅದೂ ಅಷ್ಟು ಸುಲಭವಲ್ಲ. ಬೈಕು ಕಂಪನಿಯದಲ್ಲ, ಓಡಿಸುವವನದು. ಕಂಪನಿಗೆ ಸಿಗುವುದು ಆ 10 ರೂಪಾಯಿ ಮಾತ್ರ. ಕೆಲಸಗಾರರ ಸಂಬಳ, ಕಂಪ್ಯೂಟರ್ ಖರ್ಚು, ಜಾಹೀರಾತು ಎಲ್ಲಾ ಅದರಲ್ಲೇ. ಗಿರಾಕಿಗಳನ್ನು ಸೆಳೆಯಲು ರಿಯಾಯಿತಿಯನ್ನೂ ಕೊಡಬೇಕು. ಸಾಲದ ಹಣವನ್ನು ಕಂಪನಿಗಳು ಬಂಡವಾಳ ಹಾಕುವವರಿಂದ ತರುತ್ತವೆ. ಆ ಹಣ ಎಂದೆಂದಿಗೂ ಬರುತ್ತಾ ಇರುವುದಿಲ್ಲ.

ಬಾಡಿಗೆ ಏರಿಸಿದರೆ? ಗಿರಾಕಿ ಬೇರೆ ಕಂಪನಿಗೆ ಹೋಗುತ್ತಾನೆ, ಇಲ್ಲವೇ ಬಸ್ಸು ಹತ್ತುತ್ತಾನೆ. ನಮ್ಮನ್ನೇ ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ನಾವು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಕೊಡದೆ ಓಡಾಡಿದೆವು. ಹಾಗಿರುವಾಗ ಬೈಕಿಗೆ ಹೆಚ್ಚು ದುಡ್ಡು ಯಾಕೆ ಕೊಡೋಣ? ಇನ್ನು, ಕಂಪನಿ ತನ್ನ ಪಾಲನ್ನು ಹೆಚ್ಚಿಸಿದರೆ ಓಡಿಸುವವರು ಬಿಟ್ಟು ಹೋಗುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ಅದು.

ಇದಕ್ಕೆಲ್ಲಾ ಮೇಲೆ ಕಾನೂನಿನ ತೊಡಕು. ಸ್ವಂತ ಬಳಕೆಯ ಗಾಡಿಗೆ ಬಿಳಿ ಬೋರ್ಡು, ಬಾಡಿಗೆ ಗಾಡಿಗೆ ಹಳದಿ ಬೋರ್ಡು. ಬೈಕ್ ಟ್ಯಾಕ್ಸಿಗಳು ಹೆಚ್ಚಾಗಿ ಬಿಳಿ ಬೋರ್ಡಿನಲ್ಲೇ ಓಡಿದವು. ಆಟೋ ಚಾಲಕರು ವಿರೋಧಿಸಿದರು. ಅವರ ಹೊಟ್ಟೆಪಾಡಿನ ಪ್ರಶ್ನೆಯೂ ದೊಡ್ಡದೇ. ರಾಜ್ಯ ಸರ್ಕಾರ 2021ರಲ್ಲಿ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು, 2024ರಲ್ಲಿ ಹಿಂತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಬೈಕ್ ಟ್ಯಾಕ್ಸಿ ನಿಲ್ಲಿಸಲು ಹೇಳಿತು. ಆ ವರ್ಷ ಜೂನ್ 16ರಿಂದ ಸೇವೆ ನಿಂತಿತು. ನಂಬಿಕೊಂಡಿದ್ದ ಸಂಪಾದನೆ ಒಂದೇ ದಿನಕ್ಕೆ ಕೈತಪ್ಪಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. 2026ರ ಜನವರಿಯಲ್ಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ರದ್ದು ಮಾಡಿತು. ಪರ್ಮಿಟ್ ಕೇಳಿ ಅರ್ಜಿ ಹಾಕಬಹುದು ಎಂದಿತು.

ಆದ್ದರಿಂದ ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ನಾಲ್ಕು ಮಾತು ಕೇಳೋಣ. ಪರ್ಮಿಟ್ ಇದೆಯಾ? ಬಾಡಿಗೆಗೆ ಓಡಿಸುವಾಗ ಅಪಘಾತವಾದರೆ ವಿಮೆ ಸಿಗುತ್ತದಾ? ಖರ್ಚೆಲ್ಲಾ ಕಳೆದು ದಿನಕ್ಕೆ ಎಷ್ಟು ಉಳಿಯುತ್ತದೆ? ಎರಡು ತಿಂಗಳು ಬೈಕು ನಿಂತರೆ ಕಂತು ಕಟ್ಟೋದು ಹೇಗೆ?

ಉತ್ತರಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳೋಣ. ಈಗ ನಮಗೆ ಬರೆಯಲು ಬರುತ್ತದೆ. ಕೂಡಿಸಲು, ಕಳೆಯಲು ಬರುತ್ತದೆ. ಬಂದ ದುಡ್ಡೆಲ್ಲಾ ಲಾಭವಲ್ಲ, ಖರ್ಚು ಕಳೆದು ಉಳಿದದ್ದೇ ಲಾಭ. ಸೊಪ್ಪಿನ ಬುಟ್ಟಿಗೂ ಇದೇ ಲೆಕ್ಕ, ದೊಡ್ಡ ಕಂಪನಿಗೂ ಇದೇ ಲೆಕ್ಕ.