ಮೀಟರ್ ‘ಬೀಪ್’ ಅಂತು, ದೀಪ ಮಾತ್ರ ಮಂಕು

‘ಹೊಸ ಬ್ಯಾಟರಿ ಹಾಕಿಸಿದ್ದಾಯ್ತು, ಬಲ್ಬ್ ಬದಲಾಯಿಸಿದ್ದಾಯ್ತು. ಇನ್ನು ಗುಜರಿಗೆ ಕೊಡೋದೇ ವಾಸಿ’ ಎಂದು ಅಪ್ಪ ಹೇಳಿದ್ದೇ ತಡ, ಅಜ್ಜಿ ಊಟದ ತಟ್ಟೆ ಬಿಟ್ಟು ಎದ್ದುಹೋದರು. ಮಾತು ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಯದ್ದು. 1981ರಲ್ಲಿ ತಾತ ಕೊಂಡ ಕಾರು. ತಾತ ಈಗಿಲ್ಲ. ಕಾರು ಕುವೆಂಪುನಗರದ ನಮ್ಮ ಮನೆ ಮುಂದೆ ಹೊಂಗೆ ಮರದ ಕೆಳಗೆ ನಿಂತಿರುತ್ತದೆ.

ಅಪ್ಪನ ಸಿಟ್ಟಿಗೂ ಕಾರಣವಿತ್ತು. ಹಿಂದಿನ ವಾರ ರಾತ್ರಿ ನಂಜನಗೂಡಿನಿಂದ ಬರುವಾಗ ರಸ್ತೆ ಬದಿ ನಿಲ್ಲಿಸಿದ್ದ ಕಬ್ಬಿನ ಟ್ರಾಲಿ ನಮ್ಮ ಮಂಕು ಬೆಳಕಿಗೆ ಕಂಡದ್ದು ತೀರಾ ಹತ್ತಿರ ಹೋದ ಮೇಲೆ. ಅಪ್ಪ ಬ್ರೇಕ್ ಒತ್ತಿದ ರಭಸಕ್ಕೆ ಅಜ್ಜಿಯ ಮಡಿಲಲ್ಲಿದ್ದ ಪ್ರಸಾದವೆಲ್ಲ ಕೆಳಗೆ ಚೆಲ್ಲಿತು. ಅದರ ಮೇಲೆ ಆರ್‌ಸಿ ನವೀಕರಣದ ಚಿಂತೆ. ಸ್ವಂತ ಬಳಕೆಯ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಹೆಡ್‌ಲೈಟ್ ಸರಿಯಿಲ್ಲದ ಗಾಡಿಯನ್ನು ಯಾವ ಮುಖ ಹೊತ್ತು ಒಯ್ಯುವುದು? 50 ವರ್ಷ ದಾಟಿದ್ದರೆ ‘ವಿಂಟೇಜ್’ ಎಂದಾದರೂ ಮೆರೆಯಬಹುದಿತ್ತು. ನಮ್ಮದು ಅಲ್ಲಿಗೂ ಸೇರದು, ಇಲ್ಲಿಗೂ ಸೇರದು.

‘ಒಂದು ತಿಂಗಳು ಟೈಮ್ ಕೊಡಿ, ನಾನು ನೋಡ್ತೀನಿ’ ಎಂದುಬಿಟ್ಟೆ. ನಾನು ಬಿಇ ಎಲೆಕ್ಟ್ರಿಕಲ್, ಐದನೇ ಸೆಮಿಸ್ಟರ್. ಇಂಟರ್ನ್‌ಶಿಪ್‌ಗೆಂದು ಮಾಡಿಕೊಂಡ ರೆಸ್ಯೂಮೆಯಲ್ಲಿ ‘ಸರ್ಕ್ಯೂಟ್ ಅನಾಲಿಸಿಸ್’ ಎಂದು ದಪ್ಪಕ್ಷರದಲ್ಲಿ ಹಾಕಿಕೊಂಡವನು. ಅಪ್ಪ ನಕ್ಕರು. ಆ ನಗು ಸ್ವಲ್ಪ ಚುಚ್ಚಿತು.

ಪದ್ಮಿನಿ ಅಂದರೆ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿತ್ತು. 1974ರಿಂದ ‘ಪದ್ಮಿನಿ’ ಎಂಬ ಹೆಸರು ಬಂತು. ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳ ಸಾಲಿನಲ್ಲಿ ಉಳಿದಿದ್ದ ಕೊನೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ನಿವೃತ್ತಿಯಾದದ್ದು ನಿಮಗೆ ನೆನಪಿರಬಹುದು. ಈ ಕಾರಿನಲ್ಲಿ ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಚುಚ್ಚಿದರೆ ತಪ್ಪು ಹೇಳುವ ಸಾಕೆಟ್ ಇಲ್ಲ. ಇರುವುದು ವೈರು, ಸ್ವಿಚ್ಚು, ಒಂದಷ್ಟು ಫ್ಯೂಸು, ಅಷ್ಟೇ. ಅರ್ಧ ದಿನದ ಕೆಲಸ ಎಂದುಕೊಂಡೆ.

ಮೂರು ಭಾನುವಾರ ಹೋದವು. ಮಲ್ಟಿಮೀಟರ್ ಹಿಡಿದು ಒಂದೊಂದೇ ವೈರ್ ತಪಾಸಣೆ ಮಾಡಿದೆ. ಎಲ್ಲ ಕಡೆ ‘ಬೀಪ್’. ಬ್ಯಾಟರಿ 12.6 ವೋಲ್ಟ್. ಹೆಡ್‌ಲೈಟ್‌ನ ಪ್ಲಗ್ ಕಳಚಿ ನೋಡಿದರೆ ಅಲ್ಲೂ 12.6! ಪ್ಲಗ್ ಹಾಕಿದರೆ ಮಾತ್ರ ಅದೇ ಸೀಮೆಎಣ್ಣೆ ಬುಡ್ಡಿ. ಇನ್ನೊಂದು ವಿಚಿತ್ರವೂ ಇತ್ತು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಸರಿಯಾಗಿ ಹೆಡ್‌ಲೈಟೂ ಮಂಕಾಗಿ, ಬೆಳಗಿ, ಮತ್ತೆ ಮಂಕಾಗುತ್ತಿತ್ತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಡೈನಮೋ ಕೆಟ್ಟಿದೆ ಎಂದು ಅಪ್ಪನಿಗೆ ಹೇಳಲು ಹೊರಟಿದ್ದೆ.

ಕೊನೆಗೆ ಮಂಡಿ ಮೊಹಲ್ಲಾದ ಒಬ್ಬ ಹಳೇ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರ ಕೈಯಲ್ಲಿ ಮೀಟರೇ ಇರಲಿಲ್ಲ. ಎರಡು ವೈರ್ ಕಟ್ಟಿದ ಒಂದು ಬಲ್ಬ್, ಅಷ್ಟೇ. ನನ್ನ ಕಥೆ ಪೂರ್ತಿ ಕೇಳಿ, ‘ಸ್ಟಾರ್ಟ್ ಹೆಂಗಾಗುತ್ತೆ?’ ಅಂದರು. ‘ಒಂದೇ ಸಲಕ್ಕೆ ಆಗುತ್ತೆ ಅಣ್ಣ’ ಅಂದೆ. ‘ಹಂಗಾದ್ರೆ ಬ್ಯಾಟರಿ ತಂಟೆಗೆ ಯಾಕೆ ಹೋದ್ರಿ? ಲೈಟ್ ಹಾಕ್ಕೊಂಡು ಚೆಕ್ ಮಾಡಪ್ಪ. ಅರ್ತ್ ನೋಡು, ಅರ್ತ್.’

ಮನೆಗೆ ಬಂದು ಎಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿಯೇ ಅಳೆದೆ. ಬ್ಯಾಟರಿಯಲ್ಲಿ 13.2, ಬಲ್ಬ್‌ನ ಎರಡು ತುದಿಗಳ ನಡುವೆ 10.1. ಮೂರು ವೋಲ್ಟ್ ದಾರಿಯಲ್ಲೇ ಮಾಯ! ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಹೆಡ್‌ಲೈಟ್‌ನ ಕಪ್ಪು ವೈರ್‌ಗೆ ಇಟ್ಟೆ. ಸೊನ್ನೆಯ ಹತ್ತಿರ ಇರಬೇಕಾದದ್ದು 2 ವೋಲ್ಟ್ ತೋರಿಸಿತು.

ಗ್ರಿಲ್ ಬಿಚ್ಚಿದಾಗ ಸಿಕ್ಕಿತು. ಎರಡೂ ಹೆಡ್‌ಲೈಟ್, ಮುಂದಿನ ಇಂಡಿಕೇಟರ್‌ಗಳ ಕಪ್ಪು ವೈರ್‌ಗಳನ್ನೆಲ್ಲ ಯಾರೋ ಒಂದೇ ಬೋಲ್ಟ್‌ಗೆ ಸೇರಿಸಿದ್ದರು. ಅಕ್ಕನ ಮದುವೆಗೆಂದು ಕಾರಿಗೆ ಬಣ್ಣ ಹೊಡೆಸಿದಾಗ ಆ ಬೋಲ್ಟಿನ ಜಾಗಕ್ಕೂ ಪೇಂಟ್ ಬಿದ್ದಿತ್ತು, ಸುತ್ತ ತುಕ್ಕು ಬೇರೆ. ಪಳಪಳ ಹೊಳೆಯಲಿ ಎಂದು ದುಡ್ಡು ಕೊಟ್ಟು ನಾವೇ ಮಾಡಿಸಿಕೊಂಡ ಕೆಲಸ.

ಆ ರಾತ್ರಿ ಲೆಕ್ಕ ಹಾಕಿದೆ. ತಲಾ 45 ವ್ಯಾಟ್‌ನ ಎರಡು ಬಲ್ಬ್, ಸುಮಾರು 7 ಆಂಪಿಯರ್. 2 ವೋಲ್ಟ್ ನುಂಗಲು 0.3 ಓಮ್‌ನಷ್ಟು ಪ್ರತಿರೋಧ ಸಾಕು. ನನ್ನ ಅಗ್ಗದ ಮೀಟರ್‌ನ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿದರೇ 0.3 ತೋರಿಸುತ್ತದೆ! ಹತ್ತು ಓಮ್ ಇದ್ದರೂ ಅದು ‘ಬೀಪ್’ ಅನ್ನುತ್ತದೆ. ಕರೆಂಟ್ ಹರಿಯದಿದ್ದಾಗ ವೋಲ್ಟೇಜ್ ಇಳಿಯುವ ಪ್ರಶ್ನೆಯೇ ಇಲ್ಲ. ಓಮ್ ನಿಯಮ ಪಿಯುಸಿಯಿಂದ ಬಾಯಿಪಾಠ, ಆದರೂ ಪ್ಲಗ್ ಕಳಚಿ ಅಳೆಯುತ್ತ ಮೂರು ಭಾನುವಾರ ಕಳೆದಿದ್ದೆ. ಫಿಲಮೆಂಟ್ ಬಲ್ಬ್‌ಗಂತೂ ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬ ಇಳಿಯುತ್ತದೆ. 12ರ ಬದಲು 10 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಮ್ಮಿ ಅರ್ಧ. ಇಂಡಿಕೇಟರ್ ತಾಳದ ಗುಟ್ಟೂ ಇದೇ. ಅದರ ಕರೆಂಟೂ ಅದೇ ಬೋಲ್ಟ್ ಮೂಲಕ ಹೋಗಬೇಕಿತ್ತಲ್ಲ.

ಎಮರಿ ಪೇಪರ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಫ್ಯೂಸ್‌ಗಳ ತುದಿಗಳನ್ನೂ ಉಜ್ಜಿದೆ. ಬಲ್ಬ್‌ನಲ್ಲಿ ಈಗ 12.5. ಖರ್ಚು ಎಮರಿ ಪೇಪರ್‌ನದ್ದು ಮಾತ್ರ. ವ್ಯಾಸಲೀನ್ ಅಜ್ಜಿಯದ್ದು.

ಮೊನ್ನೆ ರಾತ್ರಿ ಅಪ್ಪನೇ ಕಾರು ತೆಗೆದರು. ಅಜ್ಜಿ ಹಿಂದಿನ ಸೀಟಿನಲ್ಲಿ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಅಂಚುಗಲ್ಲುಗಳೆಲ್ಲ ದೂರದಿಂದಲೇ ಕಾಣುತ್ತಿದ್ದವು. ಅಪ್ಪ ಸುಮ್ಮಸುಮ್ಮನೆ ಎರಡು ಸಲ ಇಂಡಿಕೇಟರ್ ಹಾಕಿ ನೋಡಿದರು. ಹೆಡ್‌ಲೈಟ್ ಕುಣಿಯಲಿಲ್ಲ. ಗುಜರಿಯ ಮಾತೂ ಬರಲಿಲ್ಲ. ಇಳಿಯುವಾಗ ಸಣ್ಣಗೆ ಮಳೆ ಹನಿಯಿತು. ವೈಪರ್ ಅರ್ಧ ಗಾಜಿಗೆ ಬಂದು ನಿಂತುಕೊಂಡಿತು.

‘ಇದನ್ನೂ ನೀನೇ ನೋಡು’ ಅಂದರು ಅಪ್ಪ. ಆರ್‌ಟಿಒಗೆ ಹೋಗಲು ಇನ್ನು ಹನ್ನೆರಡು ದಿನ ಇದೆ.