ಅಂಗೋಲಾದ ಅಂತರ್ಯುದ್ಧ ಮತ್ತು ಜಾಗತಿಕ ಶಕ್ತಿ ರಾಜಕಾರಣ

ಅಂತರ್ಯುದ್ಧವು ಒಂದು ದೇಶದ ಗಡಿಯೊಳಗೆ ಹುಟ್ಟುತ್ತದೆ. ಅದರ ಪರಿಣಾಮಗಳು ಆ ಗಡಿಯೊಳಗೇ ಉಳಿಯುವುದು ವಿರಳ. ಶೀತಲ ಸಮರದ ಕಾಲದ ಇಂತಹ ಯುದ್ಧಗಳನ್ನು ಮಹಾಶಕ್ತಿಗಳು ಪರರ ನೆಲದಲ್ಲಿ, ಪರರ ಕೈಯಿಂದ ನಡೆಸಿದ ಕಾಳಗಗಳೆಂದು ವಿವರಿಸುವುದು ರೂಢಿಯಾಗಿದೆ. ಈ ವಿವರಣೆಯಲ್ಲಿ ಸ್ಥಳೀಯ ಪಕ್ಷಗಳು ಚದುರಂಗದ ಕಾಯಿಗಳಾಗಿ ಮಾತ್ರ ಕಾಣಿಸಿಕೊಳ್ಳುತ್ತವೆ. 1975ರಿಂದ 2002ರವರೆಗೆ ನಡೆದ ಅಂಗೋಲಾದ ಅಂತರ್ಯುದ್ಧವು ಈ ಗ್ರಹಿಕೆಯ ಮಿತಿಯನ್ನು ತೋರಿಸುತ್ತದೆ. ಸ್ಥಳೀಯ ಕಲಹವೂ ಮಹಾಶಕ್ತಿಗಳ ನೀತಿಯನ್ನು, ಅವುಗಳ ಪರಸ್ಪರ ಸಂಬಂಧವನ್ನು ಹೇಗೆ ಬದಲಿಸಬಲ್ಲದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಕಲಹದ ಮೂಲ

1974ರ ಏಪ್ರಿಲ್ 25ರಂದು ಪೋರ್ಚುಗಲ್‌ನಲ್ಲಿ ಸರ್ವಾಧಿಕಾರವು ಕುಸಿದಾಗ ಅಂಗೋಲಾದಲ್ಲಿ ಮೂರು ವಿಮೋಚನಾ ಸಂಘಟನೆಗಳಿದ್ದವು. ಅಗಸ್ಟಿನೊ ನೆಟೊ ನೇತೃತ್ವದ ಎಂ.ಪಿ.ಎಲ್.ಎ. ರಾಜಧಾನಿ ಲುವಾಂಡ ಮತ್ತು ಅದರ ಆಸುಪಾಸಿನ ಎಂಬುಂಡು ಜನರಲ್ಲಿ ಪ್ರಬಲವಾಗಿತ್ತು. ಹೋಲ್ಡನ್ ರಾಬರ್ಟೊ ಅವರ ಎಫ್.ಎನ್.ಎಲ್.ಎ. ಉತ್ತರದ ಬಕೊಂಗೊ ಜನರನ್ನೂ, ಜೊನಾಸ್ ಸವಿಂಬಿ ಅವರ ಯೂನಿಟಾ ಮಧ್ಯದ ಎತ್ತರ ಪ್ರದೇಶದ ಒವಿಂಬುಂಡು ಜನರನ್ನೂ ಅವಲಂಬಿಸಿದ್ದವು. 1975ರ ಜನವರಿಯ ಆಲ್ವೊರ್ ಒಪ್ಪಂದವು ಈ ಮೂರನ್ನೂ ಒಂದೇ ಸರ್ಕಾರದಲ್ಲಿ ಕೂಡಿಸಲು ಯತ್ನಿಸಿತು. ಆದರೆ ಆ ವರ್ಷದ ನವೆಂಬರ್ 11ರ ಸ್ವಾತಂತ್ರ್ಯದ ದಿನಕ್ಕೆ ಮೊದಲೇ ಅವು ಪರಸ್ಪರ ಯುದ್ಧದಲ್ಲಿ ತೊಡಗಿದ್ದವು.

ಪ್ರತಿಯೊಂದು ಪಕ್ಷವೂ ತನ್ನ ದೌರ್ಬಲ್ಯವನ್ನು ಹೊರಗಿನ ನೆರವಿನಿಂದ ತುಂಬಿಕೊಳ್ಳಲು ಹೊರಟಿತು. ಎಂ.ಪಿ.ಎಲ್.ಎ. ಸೋವಿಯತ್ ಒಕ್ಕೂಟ ಮತ್ತು ಕ್ಯೂಬಾಗಳ ಕಡೆ ನೋಡಿತು. ಎಫ್.ಎನ್.ಎಲ್.ಎ. ನೆರೆಯ ಜೈರ್, ಅಮೆರಿಕ ಮತ್ತು ಚೀನಾಗಳ ಬೆಂಬಲ ಪಡೆಯಿತು. 1975ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್ ಗುಪ್ತ ನೆರವಿಗೆ ಅನುಮೋದನೆ ನೀಡಿದರು. ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕದ ಸೇನೆಯು ದಕ್ಷಿಣದಿಂದ ಒಳನುಗ್ಗಿತು.

2. ಚಿಕ್ಕ ರಾಷ್ಟ್ರದ ನಿರ್ಧಾರ, ದೊಡ್ಡ ರಾಷ್ಟ್ರದ ಹೊಣೆ

ನವೆಂಬರ್ ಆರಂಭದಲ್ಲಿ ಕ್ಯೂಬಾ ತನ್ನ ಸೈನಿಕರನ್ನು ಕಳುಹಿಸಿತು. 1976ರ ಆರಂಭದ ವೇಳೆಗೆ ಅವರ ಸಂಖ್ಯೆ ಸುಮಾರು 36,000ಕ್ಕೆ ಏರಿತ್ತು. ಇದು ಮಾಸ್ಕೋದ ಆಜ್ಞೆಯಂತೆ ನಡೆದದ್ದೆಂದು ಅಂದಿನ ವಾಷಿಂಗ್ಟನ್ ಭಾವಿಸಿತ್ತು. ಕ್ಯೂಬಾದ ದಾಖಲೆಗಳನ್ನು ಶೋಧಿಸಿದ ಇತಿಹಾಸಕಾರ ಪಿಯೆರೊ ಗ್ಲೈಜೆಸೆಸ್ ಅವರು, ಕ್ಯಾಸ್ಟ್ರೊ ಈ ನಿರ್ಧಾರವನ್ನು ಸೋವಿಯತ್ ನಾಯಕರನ್ನು ಕೇಳದೆಯೇ ಕೈಗೊಂಡರೆಂದು ಪ್ರತಿಪಾದಿಸಿದ್ದಾರೆ. ಹೀಗೆ ಚಿಕ್ಕ ದ್ವೀಪರಾಷ್ಟ್ರವೊಂದು ಮಹಾಶಕ್ತಿಯನ್ನು ತನ್ನ ಹಿಂದೆ ಎಳೆದೊಯ್ದಿತು; ಆದರೆ ಅದರ ಹೊಣೆಯನ್ನು ಜಗತ್ತು ಮಾಸ್ಕೋದ ಮೇಲೆ ಹೊರಿಸಿತು.

ಈ ತಪ್ಪು ಗ್ರಹಿಕೆಯ ಪರಿಣಾಮಗಳು ದೂರಗಾಮಿಯಾಗಿದ್ದವು. ವಿಯೆಟ್ನಾಂ ಅನುಭವದಿಂದ ಬೇಸತ್ತಿದ್ದ ಅಮೆರಿಕದ ಸೆನೆಟ್ 1975ರ ಡಿಸೆಂಬರ್‌ನಲ್ಲಿ ಅಂಗೋಲಾದ ಗುಪ್ತ ನೆರವನ್ನು ತಡೆಯಿತು; 1976ರ ಕ್ಲಾರ್ಕ್ ತಿದ್ದುಪಡಿಯು ಈ ನಿರ್ಬಂಧವನ್ನು ಗಟ್ಟಿಗೊಳಿಸಿತು. ಸೋವಿಯತ್ ಒಕ್ಕೂಟದೊಡನೆ ಉದ್ವಿಗ್ನತೆಯನ್ನು ತಗ್ಗಿಸುವ ನೀತಿಯು ಚುನಾವಣೆಯ ವರ್ಷದಲ್ಲಿ ಟೀಕೆಗೆ ಗುರಿಯಾಗಿ, 1976ರ ಮಾರ್ಚ್‌ನಲ್ಲಿ ಫೋರ್ಡ್ ಆ ನೀತಿಯ ಹೆಸರನ್ನೇ ಬಳಸುವುದನ್ನು ಬಿಟ್ಟರು. ಅತ್ತ ದಕ್ಷಿಣ ಆಫ್ರಿಕದ ಪ್ರವೇಶವು ಆಫ್ರಿಕದ ಅಭಿಪ್ರಾಯವನ್ನೇ ತಿರುಗಿಸಿತು. ವರ್ಣಭೇದ ಸರ್ಕಾರವು ಯಾರ ಪರವಾಗಿ ಬಂದಿತೋ ಅವರನ್ನು ಬೆಂಬಲಿಸುವುದು ನೈಜೀರಿಯದಂತಹ ರಾಷ್ಟ್ರಗಳಿಗೆ ಅಸಾಧ್ಯವಾಯಿತು. ಚೀನಾ ಕೂಡ ಹಿಂದೆ ಸರಿಯಿತು.

3. ತೈಲ ಮತ್ತು ಸಿದ್ಧಾಂತ

ಈ ಯುದ್ಧದಲ್ಲಿ ಸಿದ್ಧಾಂತದ ಗೆರೆಗಳು ಎಷ್ಟು ಅಸ್ಪಷ್ಟವಾಗಿದ್ದವು ಎಂಬುದಕ್ಕೆ ಕಬಿಂಡ ಪ್ರಾಂತ್ಯ ನಿದರ್ಶನ. ಅಲ್ಲಿನ ತೈಲವನ್ನು ತೆಗೆಯುತ್ತಿದ್ದುದು ಅಮೆರಿಕದ ಗಲ್ಫ್ ಕಂಪನಿ, ಮುಂದೆ ಷೆವ್ರಾನ್. ಅದು ತೆತ್ತ ತೆರಿಗೆಯಿಂದ ಮಾರ್ಕ್ಸ್‌ವಾದಿ ಸರ್ಕಾರದ ಬೊಕ್ಕಸ ತುಂಬುತ್ತಿತ್ತು. ಆ ಪ್ರಾಂತ್ಯದ ರಕ್ಷಣೆಯಲ್ಲಿ ಕ್ಯೂಬಾದ ಸೈನಿಕರೂ ಇದ್ದರು. 1985ರ ಮೇ ತಿಂಗಳಲ್ಲಿ ಅಲ್ಲಿನ ತೈಲ ಸ್ಥಾವರದ ಬಳಿ ಅಂಗೋಲಾ ಸೇನೆಯು ದಕ್ಷಿಣ ಆಫ್ರಿಕದ ಕಮಾಂಡೊಗಳ ತಂಡವನ್ನು ತಡೆಯಿತು. ಅದೇ ವರ್ಷ ಅಮೆರಿಕವು ಕ್ಲಾರ್ಕ್ ತಿದ್ದುಪಡಿಯನ್ನು ರದ್ದುಗೊಳಿಸಿ, 1986ರಲ್ಲಿ ಯೂನಿಟಾಗೆ ಸ್ಟಿಂಗರ್ ಕ್ಷಿಪಣಿಗಳನ್ನು ಒದಗಿಸಿತು. ಒಂದೇ ರಾಷ್ಟ್ರದ ವ್ಯಾಪಾರ ಹಾಗೂ ವಿದೇಶಾಂಗ ನೀತಿಗಳು ಯುದ್ಧದ ಎರಡೂ ಕಡೆಗಳನ್ನು ಪೋಷಿಸಿದ್ದು ಹೀಗೆ.

4. ರಣರಂಗದಿಂದ ಸಂಧಾನಕ್ಕೆ

1987ರ ಅಂತ್ಯದಿಂದ 1988ರ ಮಾರ್ಚ್‌ವರೆಗೆ ಕುಯಿಟೊ ಕುವನವಾಲೆಯಲ್ಲಿ ನಡೆದ ಹೋರಾಟವು ನಿರ್ಣಾಯಕ ತಿರುವಾಯಿತು. ದಕ್ಷಿಣ ಆಫ್ರಿಕ ಮತ್ತು ಯೂನಿಟಾ ಪಡೆಗಳಿಗೆ ಆ ಊರು ದಕ್ಕಲಿಲ್ಲ. ಬಳಿಕ ಕ್ಯೂಬಾದ ಪಡೆಗಳು ನಮೀಬಿಯಾದ ಗಡಿಯತ್ತ ಮುನ್ನಡೆದವು. ಗೆಲುವು ಯಾರದೆಂಬುದು ಇಂದಿಗೂ ವಿವಾದಾಸ್ಪದ. ಆದರೆ ಯುದ್ಧದ ಮುಂದುವರಿಕೆ ದುಬಾರಿಯೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಗೊರ್ಬಚೆವ್ ಕಾಲದ ಸೋವಿಯತ್ ನೀತಿಯೂ ಸಂಧಾನಕ್ಕೆ ಅನುಕೂಲವಾಯಿತು.

1988ರ ಡಿಸೆಂಬರ್ 22ರಂದು ಅಂಗೋಲಾ, ಕ್ಯೂಬಾ ಮತ್ತು ದಕ್ಷಿಣ ಆಫ್ರಿಕಗಳು ನ್ಯೂಯಾರ್ಕ್‌ನಲ್ಲಿ ಸಹಿ ಹಾಕಿದವು. ಕ್ಯೂಬಾ ಸೇನೆಯ ವಾಪಸಾತಿ ಹಾಗೂ 1978ರ ಭದ್ರತಾ ಮಂಡಳಿಯ 435ನೆಯ ನಿರ್ಣಯದಂತೆ ನಮೀಬಿಯಾದ ಬಿಡುಗಡೆ ಒಂದಕ್ಕೊಂದು ಬೆಸೆದುಕೊಂಡವು. ನಮೀಬಿಯಾದ ಮೇಲ್ವಿಚಾರಣೆಗೆ ನಿಯೋಜಿತವಾದ ವಿಶ್ವಸಂಸ್ಥೆಯ ಪಡೆಗೆ ಭಾರತದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್‌ಚಂದ್ ದಂಡನಾಯಕರಾಗಿದ್ದರು. 1990ರ ಮಾರ್ಚ್ 21ರಂದು ಆ ದೇಶ ಸ್ವತಂತ್ರವಾಯಿತು. ಅಂಗೋಲಾದ ಕಲಹವು ನೆರೆಯ ರಾಷ್ಟ್ರವೊಂದರ ಹುಟ್ಟಿಗೆ ದಾರಿಯಾದದ್ದು ಗಮನಾರ್ಹ.

5. ಉಪಸಂಹಾರ

ಕ್ಯೂಬಾದ ಕೊನೆಯ ಸೈನಿಕರು 1991ರ ಮೇ ತಿಂಗಳಲ್ಲಿ ಹಿಂದಿರುಗಿದರು. ಅದೇ ತಿಂಗಳು ಬಿಸೆಸ್ಸೆ ಒಪ್ಪಂದವಾಯಿತು. ಆದರೆ 1992ರ ಚುನಾವಣೆಯ ಫಲಿತಾಂಶವನ್ನು ಸವಿಂಬಿ ತಿರಸ್ಕರಿಸಿದೊಡನೆ ಯುದ್ಧ ಮರುಕಳಿಸಿತು. ಹೊರಗಿನ ನೆರವು ಬತ್ತಿದಾಗ ಯೂನಿಟಾ ವಜ್ರಗಳನ್ನು ಮಾರಿ ಶಸ್ತ್ರ ಕೊಂಡಿತು. 1998ರಲ್ಲಿ ಭದ್ರತಾ ಮಂಡಳಿಯು ಆ ವಜ್ರಗಳನ್ನು ನಿರ್ಬಂಧಿಸಿತು. ಸಿಯೆರಾ ಲಿಯೋನ್ ಮೊದಲಾದೆಡೆಯ ಅನುಭವವೂ ಸೇರಿ 2003ರಲ್ಲಿ ಕಿಂಬರ್ಲಿ ಪ್ರಮಾಣೀಕರಣ ವ್ಯವಸ್ಥೆ ಜಾರಿಗೆ ಬಂದಿತು. 2002ರ ಫೆಬ್ರುವರಿ 22ರಂದು ಸವಿಂಬಿ ಹತರಾದರು. ಏಪ್ರಿಲ್ 4ರಂದು ಕದನವಿರಾಮವಾಯಿತು.

ಈ ಇತಿಹಾಸದಿಂದ ಎರಡು ನಿಷ್ಕರ್ಷೆಗಳು ಮೂಡುತ್ತವೆ. ಮೊದಲನೆಯದಾಗಿ, ಪ್ರಭಾವದ ಹರಿವು ಏಕಮುಖವಾದುದಲ್ಲ: ಲುವಾಂಡ ಮತ್ತು ಹವಾನಾಗಳ ನಿರ್ಧಾರಗಳು ವಾಷಿಂಗ್ಟನ್‌ನ ಶಾಸನವನ್ನೂ ಮಹಾಶಕ್ತಿಗಳ ಸಂಬಂಧವನ್ನೂ ಮಾರ್ಪಡಿಸಿದವು. ಎರಡನೆಯದಾಗಿ, ಶಕ್ತಿಗಳು ತಮ್ಮ ಲೆಕ್ಕಾಚಾರ ಮುಗಿದೊಡನೆ ಹಿಂದೆ ಸರಿಯಬಲ್ಲವು. ಅವು ಹಂಚಿದ ಶಸ್ತ್ರಗಳು ಮತ್ತು ಹೂತಿಟ್ಟ ನೆಲಬಾಂಬುಗಳು ಅಲ್ಲೇ ಉಳಿಯುತ್ತವೆ. ಸುಮಾರು ಐದು ಲಕ್ಷ ಜನರು ಬಲಿಯಾದರೆಂದು ಅಂದಾಜಿಸಲಾಗಿರುವ ಈ ಯುದ್ಧದ ಬೆಲೆಯನ್ನು ಕೊನೆಗೂ ತೆತ್ತವರು ಅಂಗೋಲಾದ ಜನರೇ. ಅಂತರ್ಯುದ್ಧಗಳ ಅಧ್ಯಯನವು ರಾಜಧಾನಿಗಳ ದಾಖಲೆಗಳಿಗೆ ಸೀಮಿತವಾಗದೆ, ಆ ನೆಲದ ಪಕ್ಷಗಳ ಹಾಗೂ ಜನರ ಇತಿಹಾಸದಿಂದ ಆರಂಭವಾಗಬೇಕಾದುದು ಈ ಕಾರಣಕ್ಕಾಗಿಯೇ.