ಬಲ್ಬ್ ಹತ್ತಿದರೆ ಸಾಲದು

ಹೋದ ಮಳೆಗಾಲದ ಒಂದು ಬೆಳಿಗ್ಗೆ ನನ್ನ ಪತ್ನಿ ಬಚ್ಚಲಮನೆಯ ನಲ್ಲಿ ಮುಟ್ಟಿ ಚೀರಿದರು. ಗೀಸರಿನ ಲೋಹದ ಕವಚಕ್ಕೆ ವಿದ್ಯುತ್ ಹರಿದಿತ್ತು. ಕಾಲಲ್ಲಿದ್ದ ರಬ್ಬರ್ ಚಪ್ಪಲಿ ಅವರನ್ನು ಉಳಿಸಿತು. ಉಳಿಸಬೇಕಾಗಿದ್ದ ಎಂಸಿಬಿ ಬೀಳಲೇ ಇಲ್ಲ. ಕರೆಸಿದ ಎಲೆಕ್ಟ್ರೀಷಿಯನ್ ಫೇಸ್ ಮತ್ತು ಅರ್ತಿಂಗ್ ನಡುವೆ ನೂರು ವಾಟ್‌ನ ಬಲ್ಬ್ ಹತ್ತಿಸಿ, ‘ನೋಡಿ ಸಾರ್, ಅರ್ತಿಂಗ್ ಸರಿಯಾಗೇ ಇದೆ’ ಎಂದ. ಬಲ್ಬು ಚೆನ್ನಾಗಿಯೇ ಉರಿಯುತ್ತಿತ್ತು.

ನಾನು ಎಂಜಿನಿಯರ್ ಅಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿ. ಆದರೂ ಲೆಕ್ಕ ಕಠಿಣವೇನಲ್ಲ. 230 ವೋಲ್ಟ್‌ನಲ್ಲಿ ಆ ಬಲ್ಬಿಗೆ ಬೇಕಾದದ್ದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಅದು ಉರಿದರೆ ಅಷ್ಟು ಪ್ರವಾಹ ಹರಿಯಲು ದಾರಿಯಿದೆ ಎಂದಷ್ಟೇ ಸಿದ್ಧವಾಗುತ್ತದೆ. ಆದರೆ ‘ಸಿ 16’ ಮಾದರಿಯ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಮೂಲಕ 16 ಆಂಪಿಯರ್‌ನ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು.

ಬಳಿಕ ಪರಿಣತರೊಬ್ಬರು ಉಪಕರಣ ತಂದು ಅಳೆದರು. ವಿದ್ಯುತ್ತು ಫೇಸ್ ತಂತಿಯಿಂದ ಅರ್ತಿಂಗ್ ಮೂಲಕ ಟ್ರಾನ್ಸ್‌ಫಾರ್ಮರ್‌ಗೆ ಮರಳುವ ದಾರಿಯ ಒಟ್ಟು ಪ್ರತಿರೋಧ 20 ಓಮ್. ಓಮನ ನಿಯಮದಂತೆ 230ನ್ನು 20ರಿಂದ ಭಾಗಿಸಿದರೆ 11.5 ಆಂಪಿಯರ್. ದೋಷ ಸಂಭವಿಸಿದಾಗ ಆ ದಾರಿಯಲ್ಲಿ ಹರಿಯಬಹುದಾದ ಗರಿಷ್ಠ ಪ್ರವಾಹ ಅಷ್ಟೇ. ಎಂಸಿಬಿಯಲ್ಲಿ ದೋಷವಿರಲಿಲ್ಲ, ಅದಕ್ಕೆ ಸುದ್ದಿಯೇ ತಲುಪಿರಲಿಲ್ಲ. ನಮ್ಮ ಅರ್ತಿಂಗ್ ಗುಂಡಿ ವರ್ಷಗಳಿಂದ ಒಣಗಿತ್ತು.

ಪ್ರವಾಹ ಕಡಿಮೆಯಾದರೆ ಒಂದು ಅಪಾಯ, ಹೆಚ್ಚಾದರೆ ಇನ್ನೊಂದು. ದೊಡ್ಡ ವಸತಿ ಸಮುಚ್ಚಯಗಳಲ್ಲಿ ಟ್ರಾನ್ಸ್‌ಫಾರ್ಮರ್ ಅಂಗಳದಲ್ಲೇ ಇರುತ್ತದೆ. 500 ಕೆವಿಎ ಟ್ರಾನ್ಸ್‌ಫಾರ್ಮರ್‌ನ ಆಂತರಿಕ ತಡೆ ಶೇ 4.5 ಎಂದಿಟ್ಟುಕೊಂಡರೆ, ಅದರ ಬಾಯಲ್ಲೇ ಶಾರ್ಟ್ ಸರ್ಕಿಟ್ ಆದಾಗ ಸುಮಾರು 15,000 ಆಂಪಿಯರ್ ಹರಿಯಬಲ್ಲದು. ಕೇಬಲ್ ಉದ್ದವಾದಂತೆ ಇದು ಕುಗ್ಗುತ್ತದೆ, ನಿಜ. ಆದರೆ ಎಂಸಿಬಿಯ ಮೈಮೇಲಿನ ಪುಟ್ಟ ಚೌಕದಲ್ಲಿ 6,000 ಅಥವಾ 10,000 ಎಂದು ಮುದ್ರಿತವಾಗಿರುತ್ತದೆ. ಅದು ಸುರಕ್ಷಿತವಾಗಿ ಕಡಿಯಬಲ್ಲ ಪ್ರವಾಹದ ಮಿತಿ. ಮನೆಗೆ ಹರಿಯಬಹುದಾದ ಪ್ರವಾಹ ಅದನ್ನು ಮೀರಿದರೆ, ಕಾಯಬೇಕಾದ ಸಾಧನವೇ ಸಿಡಿದು ಬೆಂಕಿಗೆ ಕಾರಣವಾಗಬಹುದು.

1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ, ಕೊಳ್ಳುವವನಿಗೆ ಗುಣಮಟ್ಟ ತಿಳಿಯದಿದ್ದಾಗ ಕಳಪೆಯೇ ಒಳ್ಳೆಯದನ್ನು ಹೊರದೂಡುತ್ತದೆ ಎಂದು ವಿವರಿಸಿದ್ದರು. ಮನೆಯ ವೈರಿಂಗ್ ಅದಕ್ಕೆ ತಕ್ಕ ನಿದರ್ಶನ. ಸ್ವಿಚ್ಚಿನ ಅಂದ ಕಾಣುತ್ತದೆ, ಗೋಡೆಯೊಳಗಿನ ತಂತಿ ಕಾಣದು. ಕಾಣದ್ದಕ್ಕೆ ಯಾರೂ ಹಣ ಕೊಡರು.

ವೈರಿಂಗ್ ಕುರಿತ ಭಾರತೀಯ ಮಾನಕ ಐಎಸ್ 732ರಲ್ಲಿ ಪರೀಕ್ಷೆಗೆಂದೇ ಪ್ರತ್ಯೇಕ ಭಾಗವಿದೆ. ಪರವಾನಗಿ ಪಡೆದ ಗುತ್ತಿಗೆದಾರರು ಕಾಮಗಾರಿ ಮುಗಿದ ವರದಿಯನ್ನೂ ಕೊಡುತ್ತಾರೆ. ಅಂಥ ವರದಿಯಲ್ಲಿ ಎರಡು ಅಂಕಿಗಳು ಕಡ್ಡಾಯವಾಗಲಿ: ಶಾರ್ಟ್ ಸರ್ಕಿಟ್ ಆದಾಗ ಹರಿಯಬಹುದಾದ ಪ್ರವಾಹ ಎಷ್ಟು, ಅರ್ತಿಂಗ್ ಮೂಲಕ ಹರಿಯಬಹುದಾದದ್ದು ಎಷ್ಟು. ಅಳೆಯಲು ನಿಜವಾಗಿ ಶಾರ್ಟ್ ಸರ್ಕಿಟ್ ಮಾಡಬೇಕಿಲ್ಲ. ಉಪಕರಣವು ತಿಳಿದ ಪ್ರಮಾಣದ ಅಲ್ಪ ಹೊರೆ ಹಾಕಿ, ವೋಲ್ಟೇಜ್ ಎಷ್ಟು ಕುಸಿಯಿತೆಂದು ನೋಡುತ್ತದೆ. 10 ಆಂಪಿಯರ್‌ಗೆ 3 ವೋಲ್ಟ್ ಕುಸಿದರೆ ಪ್ರತಿರೋಧ 0.3 ಓಮ್, ದೋಷ ಪ್ರವಾಹ ಸುಮಾರು 767 ಆಂಪಿಯರ್. ಕೆಲಸ ಕೆಲವೇ ನಿಮಿಷಗಳದ್ದು. ಆದರೆ ಜೀವಂತ ವಿದ್ಯುತ್ತಿನ ಮೇಲೆ ಮಾಡುವುದರಿಂದ ಪರಿಣತರೇ ಮಾಡಬೇಕು.

ನಮ್ಮ ಮನೆಯ ಗುಂಡಿಯನ್ನು ಹೊಸದಾಗಿ ತೋಡಿಸಿದೆವು. 30 ಮಿಲಿಆಂಪಿಯರ್ ಸೋರಿದರೂ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಅಳವಡಿಸಿದೆವು. ಸೇವಾವಧಿಯಲ್ಲಿ ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂಬ ಒಕ್ಕಣೆಯ ಕೆಳಗೆ ನಾನು ಎಷ್ಟೋ ಸಹಿ ಹಾಕಿದ್ದೇನೆ. ಅವುಗಳಲ್ಲಿ ಎಷ್ಟರ ಹಿಂದೆ ಅಳತೆಯಿತ್ತು, ಎಷ್ಟರ ಹಿಂದೆ ಬರೀ ಬಲ್ಬ್ ಇತ್ತು ಎಂಬ ಪ್ರಶ್ನೆ ಈಗ ನನ್ನನ್ನು ಕಾಡುತ್ತಿದೆ.